ಮಾಲ್ಗುಡಿಯ ಹೆಸರಿನಲ್ಲಿ ಜೊಳ್ಳು ಅಳೆದವರಾರು?

ಹೋದ ವಾರ ಬದನಗುಪ್ಪೆ ರೈಲು ನಿಲ್ದಾಣದ ಹತ್ತಿರದ ಟೀ ಅಂಗಡಿಯಲ್ಲಿ ಒಂದು ತಕರಾರು ಎದ್ದಿತು. ಅದು ಕೂಲಿಯದಲ್ಲ, ದರದ್ದೂ ಅಲ್ಲ, ಒಂದು ಟಿ.ವಿ. ಧಾರಾವಾಹಿಯದು. ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದಿದ್ದ ಹುಡುಗನೊಬ್ಬ ಮೊಬೈಲಿನಲ್ಲಿ ‘ಮಾಲ್ಗುಡಿ ಡೇಸ್’ ನೋಡುತ್ತಿದ್ದ. ಶಂಕರ್ ನಾಗ್ ತೆಗೆದದ್ದನ್ನೆಲ್ಲ ಮೊದಲೇ ನೋಡಿ ಮುಗಿಸಿ, ಅದೇ ಗುಂಗಿನಲ್ಲಿ 2006ರ ಎರಡನೆಯ ಸರಣಿಗೆ ಕೈಹಾಕಿದ್ದ. ಎರಡು ಕಂತು ನೋಡಿ ಮೊಬೈಲನ್ನು ಜೇಬಿಗಿಳಿಸಿ, “ಹೆಸ್ರು ಅದೇ ಕನ ಮೇಷ್ಟ್ರೆ, ಊರು ಮಾತ್ರ ಅದಲ್ಲ” ಎಂದ. ಪಕ್ಕದಲ್ಲಿದ್ದ ದಿನಸಿ ಅಂಗಡಿಯ ಯಜಮಾನರು ನಕ್ಕು, “ಹಳೇ ಚೀಲಕ್ಕೆ ಹೊಸಕ್ಕಿ ತುಂಬಿ ಹಳೇ ಅಕ್ಕಿ ಅಂತ ಮಾರ್ದಂಗೆ ಬುಡಪ್ಪ” ಎಂದರು.

ಈ ಎರಡು ಮಾತುಗಳಲ್ಲಿ ಇರುವ ವಿಮರ್ಶೆ ಪಟ್ಟಣದ ವಿದ್ವಾಂಸರ ಹತ್ತು ಪುಟಗಳಲ್ಲಿ ಇಲ್ಲ. ಆದರೆ ಅಲ್ಲೇ ಇದ್ದ ವಿದ್ಯಾವಂತರೊಬ್ಬರು ಮೂಗು ಮುರಿದು, “ಹಳೆಯದೆಲ್ಲ ಚಿನ್ನ ಅನ್ನುವುದು ನಿಮ್ಮ ಜನರ ಚಾಳಿ” ಎಂದುಬಿಟ್ಟರು. ಇನ್ನೊಬ್ಬರು, “ಹೊಟ್ಟೆಗೆ ಹಿಟ್ಟಿಲ್ಲದವರಿಗೆ ಧಾರಾವಾಹಿಯ ಚಿಂತೆ ಏಕೆ?” ಎಂದು ನಮ್ಮನ್ನೇ ಕೇಳಿದರು. ಇಬ್ಬರಿಗೂ ಉತ್ತರ ಕೊಡಬೇಕಾಗಿದೆ. ಟೀ ಅಂಗಡಿಯಲ್ಲಿ ಪೂರ್ತಿ ಕೊಡಲಾಗದ್ದನ್ನು ಇಲ್ಲಿ ಕೊಡುತ್ತೇವೆ.

ಮೊದಲು ಹಳೆಯ ಚಿನ್ನದ ಮಾತು. ಆ ಹುಡುಗನಿಗೆ ಇಪ್ಪತ್ತೆರಡು ವರ್ಷ. ಶಂಕರ್ ನಾಗ್ ತೀರಿಕೊಂಡದ್ದು 1990ರ ಸೆಪ್ಟೆಂಬರ್ 30ರಂದು, ದಾವಣಗೆರೆಯ ಹತ್ತಿರದ ರಸ್ತೆ ಅಪಘಾತದಲ್ಲಿ. ಹುಡುಗ ಹುಟ್ಟುವ ಎಷ್ಟೋ ವರ್ಷ ಮೊದಲಿನ ಸಂಗತಿ. ಅವನಿಗೆ ಹಳೆಯ ದಿನಗಳ ಹಂಬಲ ಎಲ್ಲಿಂದ ಬರಬೇಕು? ಎರಡನ್ನೂ ಅವನು ನೋಡಿದ್ದು ಒಂದೇ ತಿಂಗಳಲ್ಲಿ, ಒಂದೇ ಅಂಗೈಯ ಮೇಲೆ. ಎರಡು ಅಂಗಡಿಯ ಬೇಳೆಯನ್ನು ಎರಡು ಕೈಯಲ್ಲಿ ಹಿಡಿದು ನೋಡಿದವನ ಮಾತು ಅದು. ಅದನ್ನು ಚಾಳಿ ಎಂದು ತಳ್ಳಿಹಾಕುವವರು ನೋಡುವವನಿಗೆ ಕಣ್ಣೇ ಇಲ್ಲವೆಂದು ತಿಳಿದವರು.

ಹಾಗಾದರೆ ಮೊದಲನೆಯದರಲ್ಲಿ ಇದ್ದದ್ದೇನು? ಆರ್. ಕೆ. ನಾರಾಯಣ್ ಮೈಸೂರಿನಲ್ಲಿ ಬಾಳಿದವರು. ಮಾಲ್ಗುಡಿ ಅವರು ಕಲ್ಪಿಸಿದ ಊರು. ಆ ಊರಿಗೆ ಮಣ್ಣು, ಗೋಡೆ, ಮಳೆ ಕೊಟ್ಟದ್ದು ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆ. 1986–87ರ ಹೊತ್ತಿಗೆ ಶಂಕರ್ ನಾಗ್ ತಮ್ಮ ತಂಡ ಕಟ್ಟಿಕೊಂಡು ಅಲ್ಲಿ ಬೀಡುಬಿಟ್ಟರು. ಕಲಾ ನಿರ್ದೇಶಕ ಜಾನ್ ದೇವರಾಜ್ ಅದೇ ಊರನ್ನು ಬ್ರಿಟಿಷರ ಕಾಲದ ಪೇಟೆಯನ್ನಾಗಿ ಮಾಡಿದರು. ಎಲ್. ವೈದ್ಯನಾಥನ್ ಸಂಗೀತ ಕೊಟ್ಟರು. ನಾರಾಯಣರ ತಮ್ಮ ಆರ್. ಕೆ. ಲಕ್ಷ್ಮಣ್ ಚಿತ್ರ ಬರೆದರು. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅವನ ತಂದೆಯಾಗಿ ಗಿರೀಶ್ ಕಾರ್ನಾಡ್, ತಾಯಿಯಾಗಿ ವೈಶಾಲಿ ಕಾಸರವಳ್ಳಿ, ಮಿಠಾಯಿ ವ್ಯಾಪಾರಿ ಜಗನ್ ಆಗಿ ಅನಂತ್ ನಾಗ್. ಶಂಕರ್ ನಾಗ್ ಕೈಯಿಂದ ಬಂದದ್ದು 39 ಕಂತುಗಳು. ನಮ್ಮ ಆಟೋ ಚಾಲಕರು ಇಂದಿಗೂ ತಮ್ಮ ಗಾಡಿಯ ಮೇಲೆ ಅವರ ಚಿತ್ರ ಅಂಟಿಸಿಕೊಂಡು ತಿರುಗುತ್ತಾರೆಂದರೆ ಅದು ಸುಮ್ಮನೆ ಬಂದ ಪ್ರೀತಿಯಲ್ಲ.

ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ಆ ಊರಿನಲ್ಲಿ ನಾವಿದ್ದೆವು. ‘ತಿಂಗಳಿಗೆ ನಲವತ್ತೈದು ರೂಪಾಯಿ’ ಎಂಬ ಕಥೆಯ ಗುಮಾಸ್ತನನ್ನು ನೆನೆಯಿರಿ. ಮಗಳನ್ನು ಸಿನಿಮಾಕ್ಕೆ ಕರೆದುಕೊಂಡು ಹೋಗುತ್ತೇನೆಂದು ಮಾತು ಕೊಟ್ಟಿರುತ್ತಾನೆ. ಕಚೇರಿಯ ದುಡಿತ ಅವನನ್ನು ಬಿಡುವುದಿಲ್ಲ. ರೋಸಿಹೋಗಿ ರಾಜೀನಾಮೆ ಬರೆಯುತ್ತಾನೆ. ಆದರೆ ನಲವತ್ತಕ್ಕೆ ಐದು ರೂಪಾಯಿ ಸೇರಿಸಿದ್ದೇವೆಂದು ಯಜಮಾನರು ಹೇಳಿದೊಡನೆ ಆ ಕಾಗದ ಕಿಸೆ ಸೇರುತ್ತದೆ. ಮನೆಗೆ ಬರುವ ಹೊತ್ತಿಗೆ ಮಗು ನಿದ್ದೆಹೋಗಿದೆ. ಓವರ್‌ಟೈಮು ಮಾಡಿ ಬಂದು ಮಲಗಿದ ಮಕ್ಕಳ ಮುಖ ನೋಡಿದ ಪ್ರತಿಯೊಬ್ಬ ಗಿರಣಿ ಕಾರ್ಮಿಕನಿಗೂ ಆ ಗುಮಾಸ್ತ ಗೊತ್ತು.

‘ಲೀಲಾಳ ಗೆಳೆಯ’ನಾದ ಸಿದ್ದನನ್ನು ನೆನೆಯಿರಿ. ಮನೆಗೆಲಸದವನು. ಮಗುವಿನ ಚಿನ್ನದ ಸರ ಕಾಣೆಯಾದರೆ ಕಳ್ಳ ಅವನೇ, ಬೇರೆ ವಿಚಾರಣೆ ಬೇಡ. ಸರ ಹುಣಿಸೆಹಣ್ಣಿನ ಮಡಕೆಯಲ್ಲಿ ಸಿಕ್ಕ ಮೇಲೂ ಯಜಮಾನನ ಬಾಯಿಂದ ತಪ್ಪಾಯಿತೆಂಬ ಮಾತು ಬರುವುದಿಲ್ಲ. ಇನ್ನು ಮಿಠಾಯಿ ವ್ಯಾಪಾರಿ ಜಗನ್, ಗಾಂಧಿಯ ಹಿಂದೆ ಹೋದವನು. ಬಡಮಕ್ಕಳ ಕೈಗೂ ಸಿಹಿ ಎಟುಕಲಿ ಎಂದು ಬೆಲೆ ಇಳಿಸಿದರೆ ಉಳಿದ ವ್ಯಾಪಾರಿಗಳು ಅವನ ಮೇಲೆ ಬರುತ್ತಾರೆ. ಅವನ ಮಗ ಅಮೇರಿಕಾದಿಂದ ಬಂದು, ಕಥೆ ಬರೆಯುವ ಯಂತ್ರ ಮಾಡುತ್ತೇನೆ, ಬಂಡವಾಳ ಕೊಡು ಎಂದು ಪೀಡಿಸುತ್ತಾನೆ. ಓದುಗ ಬಂಧುಗಳೆ, ಇಂದಿನ ಧಾರಾವಾಹಿ ಕಾರ್ಖಾನೆಗಳನ್ನು ನೋಡಿದರೆ ಆ ಮಗನಿಗೆ ಬಂಡವಾಳ ಸಿಕ್ಕಿಬಿಟ್ಟಿದೆ ಎಂದು ನಿಮಗೂ ಅನ್ನಿಸುವುದಿಲ್ಲವೆ?

ಈಗ ಎರಡನೆಯ ಸರಣಿಗೆ ಬರೋಣ. ಸುಮಾರು ಎರಡು ದಶಕ ಕಳೆದ ಮೇಲೆ, 2006ರಲ್ಲಿ, ದೂರದರ್ಶನ ಅದೇ ಹೆಸರಿನಲ್ಲಿ ಮತ್ತೆ 15 ಕಂತುಗಳನ್ನು ತೋರಿಸಿತು. ಅಷ್ಟು ಹೊತ್ತಿಗೆ ಶಂಕರ್ ನಾಗ್ ಇರಲಿಲ್ಲ. ನಾರಾಯಣ್ 2001ರಲ್ಲಿ ತೀರಿಹೋಗಿದ್ದರು. ನಿರ್ದೇಶಿಸಿದವರು ಕವಿತಾ ಲಂಕೇಶ್. ಅವರ ಮೇಲೆ ಗೂಬೆ ಕೂರಿಸುವುದು ಸುಲಭ. ನಾವು ಆ ಕೆಲಸ ಮಾಡುವುದಿಲ್ಲ. ‘ದೇವೀರಿ’ಯನ್ನು ಮಾಡಿದವರಿಗೆ ಕಸುಬು ಗೊತ್ತಿಲ್ಲವೆಂದು ಹೇಳುವ ಧೈರ್ಯ ಯಾರಿಗಿದೆ? ಸತ್ತವರ ಪಾದರಕ್ಷೆಯನ್ನು ಬದುಕಿರುವವರ ಮುಂದಿಟ್ಟು ಇದರಲ್ಲೇ ಕಾಲಿಡು ಎಂದವರು ಯಾರು, ನಾವು ಕೇಳಬೇಕಾದದ್ದು ಅದನ್ನು.

ನೋಡಿದವರ ನಿರಾಸೆ ಒಂದು ಬಗೆಯದು. ಅಂಥದೊಂದು ಬಂದುಹೋಯಿತೆಂದೇ ತಿಳಿಯದವರ ಪಾಡು ಇನ್ನೊಂದು ಬಗೆಯದು. ಆಗ ನಾವು ಇನ್ನೂ ಶಾಲೆಯ ಬೆಂಚಿನ ಮೇಲಿದ್ದವರು. ಮನೆಯಲ್ಲಿ ಹಿರಿಯರು ಸಡಗರದಿಂದ ಕೂತರು, ಒಂದೆರಡು ವಾರ ನೋಡಿದರು, ಆಮೇಲೆ ಸದ್ದಿಲ್ಲದೆ ಎದ್ದುಹೋದರು. ದೀಪ ಹಳೆಯ ಕಾಲದ್ದು, ಪೇಟ ಹಳೆಯ ಕಾಲದ್ದು. ಆದರೆ ಜನ ಆ ಊರಿನಲ್ಲಿ ಬಾಳಿದವರಂತೆ ಕಾಣಲಿಲ್ಲ, ಆ ಊರಿಗೆ ಬಂದು ಹೋಗುವವರಂತೆ ಕಂಡರು. ಹಿಂದಿನ ಕಾಲದ ಕಥೆ ಎಂದರೆ ಹಳೆಯ ಕೋಟು, ಲಾಂದ್ರ, ಎತ್ತಿನ ಗಾಡಿ ಅಷ್ಟೇ ಎಂದು ತಿಳಿದರೆ ಆಗುವುದೇ ಹೀಗೆ. ಆ ಕಾಲದಲ್ಲಿ ಯಾರು ಉಂಡರು, ಯಾರು ಉಪವಾಸವಿದ್ದರು, ಯಾರು ಯಾರಿಗೆ ಹೆದರಿದರು ಎಂಬುದು ಕಾಣದಿದ್ದರೆ ಉಳಿಯುವುದು ಬಾಡಿಗೆಯ ಬಟ್ಟೆ ಮಾತ್ರ.

ಆದರೆ ನಮ್ಮ ದೊಡ್ಡ ದೂರು ಇದಲ್ಲ, ದೂರು ಭಾಷೆಯದು. ಕನ್ನಡದ ಮಣ್ಣಿನಲ್ಲಿ, ಬಹುಮಟ್ಟಿಗೆ ಕನ್ನಡದ ನಟರು, ಕನ್ನಡದ ಕುಶಲಕರ್ಮಿಗಳು ಕಟ್ಟಿದ ಊರು ಹಿಂದಿ ಮಾತಾಡಿತು. ಮೊದಲ ಸಲ ಹೋಗಲಿ. ದೇಶಕ್ಕೆಲ್ಲ ಹೆಚ್ಚುಕಡಿಮೆ ಒಂದೇ ವಾಹಿನಿ ಇದ್ದ ಕಾಲ. 2006ರಲ್ಲಿ ಏನಾಗಿತ್ತು? ಕನ್ನಡಕ್ಕೆಂದೇ ದೂರದರ್ಶನದ ‘ಚಂದನ’ ವಾಹಿನಿ ಇತ್ತು. ಕನ್ನಡದವರೇ ನಿರ್ದೇಶಕರು. ಆದರೂ ಎರಡನೆಯ ಮಾಲ್ಗುಡಿಯೂ ರಾಷ್ಟ್ರೀಯ ವಾಹಿನಿಗಾಗಿ ಹಿಂದಿಯಲ್ಲೇ ಹುಟ್ಟಿತು. ಕೊನೆಗೆ 2020ರ ಲಾಕ್‌ಡೌನಿನಲ್ಲಿ, ಹೊಸ ಚಿತ್ರೀಕರಣವೆಲ್ಲ ನಿಂತು ಸರಕು ಖಾಲಿಯಾದಾಗ, ಖಾಸಗಿ ವಾಹಿನಿಯೊಂದು ಶಂಕರ್ ನಾಗ್ ಅವರ ಮಾಲ್ಗುಡಿಗೆ ಕನ್ನಡದ ಮಾತು ಜೋಡಿಸಿ ತೋರಿಸಿತು. ಮೂವತ್ತು ವರ್ಷ ದಾಟಿದ ಮೇಲೆ! ಸಾರ್ವಜನಿಕರ ಹಣದಿಂದ ನಡೆಯುವ ಸಂಸ್ಥೆ ಮಾಡದ ಕೆಲಸವನ್ನು ಲಾಭದ ಕಂಪನಿ ಮಾಡಿತೆಂದರೆ, ನಾಚಬೇಕಾದವರು ಯಾರು?

ಇಲ್ಲಿ ನಮ್ಮವರ ತಪ್ಪನ್ನೂ ಮುಚ್ಚಿಡಬಾರದು. 1960ರ ದಶಕದಿಂದ ಕನ್ನಡ ಚಿತ್ರರಂಗ ಡಬ್ಬಿಂಗನ್ನು ವಿರೋಧಿಸಿತು. ಕೆಲಸಗಾರರ ಅನ್ನ ಉಳಿಯಬೇಕೆಂಬುದು ಅದರ ವಾದ. ಆ ವಾದದಲ್ಲಿ ಸತ್ಯವಿತ್ತು, ನಾವು ಅದನ್ನು ಹಗುರವಾಗಿ ಕಾಣುವುದಿಲ್ಲ. ಆದರೆ ಅನ್ನ ಉಳಿಸುವ ನ್ಯಾಯವಾದ ದಾರಿ ಮೊದಲಿಗೇ ಕನ್ನಡದಲ್ಲಿ ತೆಗೆಯಿರೆಂದು ಹಠ ಹಿಡಿಯುವುದಾಗಿತ್ತು. ಆ ಹಠವನ್ನು ದೂರದರ್ಶನದ ಬಾಗಿಲಲ್ಲಿ ಯಾರು ಹಿಡಿದರು?

ಇನ್ನು ಹೊಟ್ಟೆಗೆ ಹಿಟ್ಟಿನ ಪ್ರಶ್ನೆ ಕೇಳಿದವರಿಗೆ ಉತ್ತರ. ನಮ್ಮ ಸೀಮೆಯ ಬಡವ ಹಿಟ್ಟಿಲ್ಲದ ದಿನವೂ ಕಥೆ ಬಿಟ್ಟವನಲ್ಲ. ಮಾದೇಶ್ವರನ ಕಾವ್ಯವನ್ನು ದೇವರಗುಡ್ಡರು ಕಂಸಾಳೆ ಹಿಡಿದು ಸಾಲುಸಾಲಾಗಿ ಹಾಡುತ್ತ ಬಂದಿದ್ದಾರೆ. ಬೇವಿನಹಟ್ಟಿ ಕಾಳಮ್ಮನ ಸಾಲು, ಸಂಕಮ್ಮನ ಸಾಲು ಎಂದು ಒಂದರ ಮೇಲೊಂದು ಬರುತ್ತವೆ. ಅವೂ ಸರಣಿಗಳೇ ಅಲ್ಲವೆ? ಆದರೆ ಅಲ್ಲಿ ಹಾಡುವವನ ಎದುರೇ ಕೇಳುವವನು ಕೂತಿರುತ್ತಾನೆ. ಗುಡ್ಡ ಒಂದು ಸಂಗತಿ ಹಾರಿಸಿದರೆ, ಸಂಕಮ್ಮನ ಗೋಳನ್ನು ಅವಸರದಲ್ಲಿ ಮುಗಿಸಿದರೆ, ಮೂಲೆಯಲ್ಲಿ ಕೂತ ಮುದುಕಿ, “ಅದ ಯಾಕ ಬುಟ್ಟೆ?” ಎಂದು ಗದರಿಸುತ್ತಾಳೆ. ಅವನು ತಿದ್ದಿಕೊಂಡು ಹಾಡಬೇಕು. ಅಕ್ಷರ ಬಾರದ ಆ ಮುದುಕಿಗೆ ಇದ್ದ ಅಧಿಕಾರ, ಟಿ.ವಿ. ಕೊಂಡಾಗ ತೆರಿಗೆ ಕಟ್ಟಿದ, ತಿಂಗಳು ತಿಂಗಳು ವಿದ್ಯುತ್ ಬಿಲ್ಲು ಕಟ್ಟುವ ನಮಗೆ ಇಲ್ಲ. ನಿರಾಸೆಯಾದರೆ ಗುಂಡಿ ಒತ್ತಿ ಬೇರೆ ವಾಹಿನಿಗೆ ಹೋಗು ಎನ್ನುತ್ತಾರೆ. ಕೂಲಿ ಸಾಲದಿದ್ದರೆ ಬೇರೆ ಗಿರಣಿಗೆ ಹೋಗು ಎಂದು ಮಾಲೀಕ ಹೇಳುವುದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಕಾನೂನಿನಲ್ಲಿ ಏರ್ಪಾಟು ಇಲ್ಲವೆಂದಲ್ಲ. ದೂರದರ್ಶನವನ್ನು ನಡೆಸುವ ಪ್ರಸಾರ ಭಾರತಿ 1990ರ ಕಾಯಿದೆಯಿಂದ, 1997ರಲ್ಲಿ ಹುಟ್ಟಿದ ಸಂಸ್ಥೆ. ಕಾಯಿದೆ ಬರೆದವರು ಅದರಲ್ಲೇ ಪ್ರಸಾರ ಪರಿಷತ್ತೆಂಬುದನ್ನು ಹೇಳಿ, ಜನರ ದೂರು ಕೇಳುವುದು ಅದರ ಕೆಲಸವೆಂದರು. ಆ ಪರಿಷತ್ತು ಬದನಗುಪ್ಪೆಯ ಯಾರದಾದರೂ ದೂರು ಕೇಳಿದ್ದನ್ನು ನಾವು ಕಂಡಿಲ್ಲ.

ಕೊನೆಯದಾಗಿ ಒಂದು ಮಾತು. ಮಾಲ್ಗುಡಿಯ ರೈಲು ನಿಲ್ದಾಣವಾಗಿ ಕಂಡದ್ದು ಶಿವಮೊಗ್ಗ ಜಿಲ್ಲೆಯ ಅರಸಾಳು. 2020ರಲ್ಲಿ ಅಲ್ಲಿಯ ಹಳೆಯ ಕಟ್ಟಡವನ್ನು ನೇರ್ಪುಮಾಡಿ ಮಾಲ್ಗುಡಿಯ ವಸ್ತು ಸಂಗ್ರಹಾಲಯ ಮಾಡಿದರು. ಸಂತೋಷ. ಆದರೆ ಅದೇ ರೈಲು ಹಾದಿಯಲ್ಲಿ ಮುಂದೆ ಹೋದರೆ ಸಾಗರ. ಸಾಗರದ ಸೀಮೆಯಲ್ಲಿ ಕಾಗೋಡು. 1951ರಲ್ಲಿ ಅಲ್ಲಿಯ ಗೇಣಿದಾರರು ಎದ್ದುನಿಂತದ್ದು ಕೊಳಗದ ಸಲುವಾಗಿ. ಒಡೆಯ ಭತ್ತ ಅಳೆಸಿಕೊಳ್ಳುತ್ತಿದ್ದ ಕೊಳಗ ದೊಡ್ಡದು, ನಮಗೆ ಸರಿಯಾದ ಅಳತೆ ಬೇಕು ಎಂದರು. ಲೋಹಿಯಾ ಅಲ್ಲಿಗೆ ಬಂದು ಬಂಧಿತರಾದರು. ಗೋಪಾಲಗೌಡರು ಆ ಹೋರಾಟದಿಂದಲೇ ನಾಡಿನ ಕಣ್ಣಿಗೆ ಬಿದ್ದರು. ಅದೂ ಹಿಂದಿನ ಕಾಲದ ಕಥೆಯೇ. ಅದೇ ಮಳೆ, ಅದೇ ಹೆಂಚಿನ ಮನೆ, ಅದೇ ರೈಲು. ಮಾಲ್ಗುಡಿಯ ಹೆಸರನ್ನು ಎರಡನೆಯ ಸಲ ಮಾರುವ ಬದಲು ಈ ಕಥೆಯನ್ನು ಮೊದಲನೆಯ ಸಲ ಹೇಳಬಹುದಿತ್ತಲ್ಲ! 1938ರ ವಿದುರಾಶ್ವತ್ಥ ಇದೆ, ಶಿವಪುರದ ಧ್ವಜ ಸತ್ಯಾಗ್ರಹ ಇದೆ. ಅವಕ್ಕೆ ಹಳೆಯ ಗಿರಾಕಿ ಇಲ್ಲ, ಮಾರಲು ಹೆಸರಿಲ್ಲ. ಅದಕ್ಕೇ ಅವು ಕಾಯುತ್ತಿವೆ.

ಆದ್ದರಿಂದ ನಾವು ಕೇಳುವುದು ಮೂರು. ಒಂದು: ಶಂಕರ್ ನಾಗ್ ಅವರ ಮಾಲ್ಗುಡಿ ಕನ್ನಡದಲ್ಲಿ, ಹಕ್ಕು ಪಡೆದಾದರೂ ಸರಿ, ಚಂದನದಲ್ಲಿ ಪಾಳಿ ಬಿಟ್ಟು ಮನೆ ಸೇರಿದ ಕಾರ್ಮಿಕನಿಗೆ ಸಿಗುವ ಹೊತ್ತಿನಲ್ಲಿ ಬರಲಿ. ಎರಡು: ಹೊಸ ಸರಣಿ ಮಾಡುವುದಾದರೆ ಹಳೆಯ ಹೆಸರಿನ ನೆರಳಿನಲ್ಲಿ ಬೇಡ, ನಮ್ಮ ಜನರ ಚರಿತ್ರೆಯಿಂದ, ಮೊದಲಿಗೇ ಕನ್ನಡದಲ್ಲಿ ಆಗಲಿ, ದೀಪ ಹಿಡಿದವರಿಗೂ ಮರ ಕೊಯ್ದವರಿಗೂ ಕಾನೂನಿನ ಕೂಲಿ ಸಲ್ಲಲಿ. ಮೂರು: ದೂರು ಕೇಳುವ ಪರಿಷತ್ತಿನಲ್ಲಿ ದುಡಿಯುವವರಿಗೂ ಅಂಗಡಿ ಇಟ್ಟವರಿಗೂ ಒಂದು ಕುರ್ಚಿ ಇರಲಿ.

ಅಂಚೆ ಕಾರ್ಡಿಗೆ ಐವತ್ತು ಪೈಸೆ. ಬೆಂಗಳೂರಿನ ದೂರದರ್ಶನ ಕೇಂದ್ರಕ್ಕೆ ಈ ಮೂರು ಮಾತು ಬರೆದು ಹಾಕಿ. ಗಿರಣಿಯ ಗೇಟಿನಲ್ಲಿ ಹತ್ತು ಜನ, ಸಂತೆಯಲ್ಲಿ ಹತ್ತು ಜನ ಬರೆದರೂ ಸಾಕು, ಮೂಲೆಯ ಮುದುಕಿ ಇನ್ನೂ ಎಚ್ಚರವಾಗಿದ್ದಾಳೆಂದು ಅವರಿಗೆ ತಿಳಿಯುತ್ತದೆ. ಟೀ ಅಂಗಡಿಯ ಹುಡುಗ ಮೊದಲ ಕಾರ್ಡು ಬರೆದಾಯಿತು. ಅಕ್ಷರ ಸೊಟ್ಟಗಿದೆ, ಅಳತೆ ಸರಿಯಾಗಿದೆ.