ನಿರಾಶೆಗೆ ಎಲೀಯನ ಪಾಠ

ಪ್ರತಿವರ್ಷ ಡಿಸೆಂಬರ್ 3ರಂದು ಕುಮಟಾ, ಹೊನ್ನಾವರಗಳ ನಡುವಿನ ಚಂದಾವರದ ಸಂತ ಫ್ರಾನ್ಸಿಸ್ ಝೇವಿಯರ್ ಇಗರ್ಜಿಯಲ್ಲಿ ಹಬ್ಬ. ಭಟ್ಕಳದ ಕಡೆಯಿಂದಲೂ ಭಕ್ತರು ಬರುತ್ತಾರೆ. ಅನ್ಯಧರ್ಮೀಯರೂ ಮೇಣದಬತ್ತಿ ಹಚ್ಚುತ್ತಾರೆ. ಅವರಲ್ಲಿ ಪರೀಕ್ಷೆಯ ಭಯ ಹೊತ್ತ ಮಕ್ಕಳೂ ಇರುತ್ತಾರೆ. 'ನಾನೊಬ್ಬನೇ ದಡ್ಡ, ನನ್ನಿಂದಾಗದು' ಎಂಬ ಯೋಚನೆಯನ್ನು ಪ್ರಾರ್ಥನೆ ಹೇಗೆ ನೀಗೀತು?

ಬೈಬಲಿನ ಅರಸುಗಳು ಮೊದಲನೆಯ ಗ್ರಂಥದ 19ನೇ ಅಧ್ಯಾಯದಲ್ಲಿ ಇದಕ್ಕೆ ಉತ್ತರವಿದೆ. ರಾಣಿ ಈಜೆಬೆಲಳ ಬೆದರಿಕೆಗೆ ಹೆದರಿ ಓಡಿದ ಪ್ರವಾದಿ ಎಲೀಯ, ಅಡವಿಯಲ್ಲಿ ಕುಳಿತು ಸಾವನ್ನೇ ಬೇಡಿದ. ದೇವರು ಗದರಿಸಲಿಲ್ಲ. ಮೊದಲು ನಿದ್ರೆ, ಆಮೇಲೆ ದೇವದೂತನ ಕೈಯಿಂದ ರೊಟ್ಟಿ, ನೀರು, ಮತ್ತೆ ನಿದ್ರೆ. ಮುಂದೆ ಹೋರೇಬ್ ಬೆಟ್ಟದಲ್ಲಿ ಅವನ ಅಳಲನ್ನು ಎರಡು ಸಲ ಕೇಳಿಸಿಕೊಂಡ. ತಾನೊಬ್ಬನೇ ಉಳಿದೆನೆಂದವನಿಗೆ ಇನ್ನೂ 7,000 ಜನರಿದ್ದಾರೆಂದು ತಿಳಿಸಿ, ಮಾಡಲು ಕೆಲಸವನ್ನೂ ಎಲೀಷನೆಂಬ ಜೊತೆಗಾರನನ್ನೂ ಕೊಟ್ಟ.

ವಿಜ್ಞಾನವೂ ಇದನ್ನು ಒಪ್ಪುತ್ತದೆ. ನಿದ್ರೆಗೆಟ್ಟ ಮೆದುಳಿನಲ್ಲಿ ಭಯ ಹಿಗ್ಗುತ್ತದೆ, ಓದಿದ್ದು ನಿಲ್ಲುವುದಿಲ್ಲ.

ವಿದ್ಯಾರ್ಥಿಗಳೇ, 'ನಾನೊಬ್ಬನೇ' ಎನಿಸಿದಾಗ ಆ ಲೆಕ್ಕವನ್ನು ಇನ್ನೊಮ್ಮೆ ತಾಳೆ ನೋಡಿ. ತಂದೆತಾಯಿಗಳೇ, 'ಪ್ರಾರ್ಥನೆ ಮಾಡು, ಸರಿಹೋಗುತ್ತದೆ' ಎಂದು ಮಗುವಿನ ಬಾಯಿ ಮುಚ್ಚಿಸಬೇಡಿ. ಊಟ ಬಡಿಸಿ, ಮಲಗಗೊಡಿ, ಅದರ ಮಾತು ಕೇಳಿ; ಆಮೇಲೆ ಜೊತೆಗೆ ಕುಳಿತು ಪ್ರಾರ್ಥಿಸಿ. ಮಗು ಸಾವಿನ ಮಾತಾಡಿದರೆ ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಿರಿ. 2022ರಲ್ಲಿ ಆರಂಭವಾದ ಸರಕಾರದ ಟೆಲಿ-ಮಾನಸ್ ದೂರವಾಣಿ 14416ರಲ್ಲಿ ಹಗಲಿರುಳೂ ಉಚಿತ ಸಲಹೆ ದೊರೆಯುತ್ತದೆ. ಇದು ವಿಶ್ವಾಸದ ಕೊರತೆಯಲ್ಲ; ರೊಟ್ಟಿ ತಂದ ದೂತನೂ ದೇವರು ಕಳುಹಿಸಿದವನೇ.