ಸೋಲಿಗೆ ವಿಧಿಸಿದ ದಂಡ

ಜಯಾಪಜಯಗಳು ಕ್ರೀಡೆಗೆ ಸಹಜವಾದುವು. ಅಪಜಯವನ್ನೇ ಅಪರಾಧವೆಂದು ಎಣಿಸಿದರೆ ಏನಾಗುವುದೆಂಬುದಕ್ಕೆ ಸೋವಿಯತ್ ದೇಶದ 1952ನೆಯ ಇಸವಿಯ ಕಾಲ್ಚೆಂಡಿನ ಪಂದ್ಯಾವಳಿಯೇ ನಿದರ್ಶನ.

ಮಾಸ್ಕೋದ ಸೈನ್ಯದ ತಂಡವು 1946ರಿಂದ 1951ರವರೆಗಿನ ಆರು ವರ್ಷಗಳಲ್ಲಿ ಐದು ಬಾರಿ ದೇಶದ ಅಗ್ರಪ್ರಶಸ್ತಿಯನ್ನು ಗಳಿಸಿದ್ದಿತು. ಅದರ ಗುರುವಾದ ಬೋರಿಸ್ ಅರ್ಕಾದ್ಯೆವನೇ 1952ರ ಒಲಿಂಪಿಕ್ ಕೂಟಕ್ಕೆ ರಾಷ್ಟ್ರತಂಡವನ್ನು ಕರೆದೊಯ್ದನು. ಅಲ್ಲಿ ಯುಗೋಸ್ಲಾವಿಯದ ಎದುರು 1–5ರಷ್ಟು ಹಿಂದೆ ಬಿದ್ದಿದ್ದವರು, ಬೊಬ್ರೋವನ ಮೂರು ಗೋಲುಗಳ ಬಲದಿಂದ, 5–5ಕ್ಕೆ ಸಮಮಾಡಿಕೊಂಡರು. ಆದರೆ ಎರಡು ದಿನಗಳ ತರುವಾಯ ಮರುಪಂದ್ಯದಲ್ಲಿ 1–3ರಿಂದ ಸೋತರು. ಸ್ಟಾಲಿನನಿಗೂ ಯುಗೋಸ್ಲಾವಿಯದ ಟಿಟೋವಿಗೂ 1948ರಿಂದ ವೈರವಿದ್ದುದರಿಂದ ಆ ಸೋಲು ರಾಜ್ಯಕ್ಕಾದ ಅಪಮಾನವೆನಿಸಿತು.

ಆಗಸ್ಟ್ ತಿಂಗಳಿನಲ್ಲಿ ಸೈನ್ಯದ ತಂಡವನ್ನೇ ವಿಸರ್ಜಿಸಿದರು. ಅದು ಆ ವರ್ಷ ಆಡಿದ್ದ ಮೂರು ಪಂದ್ಯಗಳನ್ನೂ ಲೆಕ್ಕದಿಂದ ತೆಗೆದುಹಾಕಿದರು. ಸೋತವರಲ್ಲಿ ಅನ್ಯತಂಡಗಳವರೂ ಇದ್ದರು. ಅವರಲ್ಲೊಬ್ಬನಾದ ನೆಟ್ಟೋ ಸ್ಪಾರ್ಟಾಕ್ ತಂಡದವನು. ಆ ವರ್ಷದ ಪ್ರಶಸ್ತಿಯು ಸ್ಪಾರ್ಟಾಕಿಗೇ ಸಂದಿತು! ದಂಡನೆಯಲ್ಲಿ ನ್ಯಾಯವೆಷ್ಟಿದ್ದಿತೆಂಬುದನ್ನು ವಾಚಕರೇ ಊಹಿಸಬಹುದು. 1953ರಲ್ಲಿ ಸ್ಟಾಲಿನನು ಮೃತನಾದನು. 1954ರಲ್ಲಿ ಸೈನ್ಯದ ತಂಡವು ಮರಳಿ ಕಣಕ್ಕಿಳಿಯಿತು.

ನಾಲ್ಕು ಗೋಲುಗಳ ಹಿನ್ನಡೆಯನ್ನು ತುಂಬಿದ ಆ ಪೌರುಷವನ್ನು ದಂಡಿಸಿದವರು ಕಾಣಲಿಲ್ಲ. ಸೋತು ಮನೆಗೆ ಬಂದ ಮಕ್ಕಳನ್ನು ಗದರಿಸುವ ಮುನ್ನ, ಅವರು ಹೇಗೆ ಆಡಿದರೆಂಬುದನ್ನು ಹಿರಿಯರು ಕೇಳುವುದು ಒಳಿತು.