ಮಳೆ ಮೇಲೆ ಯಾಕ್ರೀ ಗೂಬೆ ಕೂರಿಸ್ತೀರಿ?

ಮೊನ್ನೆ ಅರ್ಧ ಗಂಟೆ ಮಳೆಗೆ ನಮ್ಮ ರಸ್ತೆ ಮತ್ತೆ ಕೆರೆಯಾಯ್ತು. ಎಲ್ಲರೂ ಮಳೆಯನ್ನು ಬೈದರು. ನಾನು ಬೈದದ್ದು ತಿರುವಿನಲ್ಲಿ ಅಪಾರ್ಟ್‌ಮೆಂಟ್ ಕಟ್ಟುತ್ತಿರುವವರನ್ನು. ಮೋರಿ ಪಕ್ಕ ಸುರಿದಿದ್ದ ಎಂ-ಸ್ಯಾಂಡ್ ಗುಡ್ಡೆ ಬೆಳಿಗ್ಗೆ ಅರ್ಧ ಆಗಿತ್ತು. ಇನ್ನರ್ಧ ಎಲ್ಲಿ ಹೋಯ್ತು ಅಂತ ಹೇಳಬೇಕಾ?

ಬೆಂಗಳೂರಿನ ರಾಜಕಾಲುವೆ ಇರೋದು ಮಳೆನೀರನ್ನು ಕೆರೆಯಿಂದ ಕೆರೆಗೆ ಸಾಗಿಸೋಕೆ. ನಾವು ಅದಕ್ಕೆ ಮರಳು, ಸಿಮೆಂಟು ಬಿಡ್ತೀವಿ, ಜೊತೆಗೆ ಕಕ್ಕಸಿನ ಪೈಪೂ ಸೇರಿಸ್ತೀವಿ. ಆಮೇಲೆ 2015ರಲ್ಲಿ ಬೆಳ್ಳಂದೂರು ಕೆರೆಯ ನೊರೆಗೆ ಬೆಂಕಿ ಬಿದ್ದಾಗ 'ಅಯ್ಯೋ, ನೀರಿಗೂ ಬೆಂಕಿ ಬೀಳುತ್ತಾ!' ಅಂತ ಬಾಯಿ ಬಿಡ್ತೀವಿ..

ಕಾನೂನು ಇಲ್ಲವೇ? ಜಲಮಾಲಿನ್ಯ ಕಾಯ್ದೆ 1974ರದ್ದು. ಕಟ್ಟಡದ ತ್ಯಾಜ್ಯ ಮೋರಿಗೆ ಅಡ್ಡ ಆಗಬಾರದು ಅಂತ 2016ರ ನಿಯಮಗಳೇ ಹೇಳಿದ್ದವು. 2018ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಬೆಳ್ಳಂದೂರು ಮತ್ತಿತರ ಕೆರೆಗಳ ವಿಷಯದಲ್ಲಿ ರಾಜ್ಯ ಸರ್ಕಾರಕ್ಕೆ 50 ಕೋಟಿ, ಅಂದಿನ ಬಿಬಿಎಂಪಿಗೆ 25 ಕೋಟಿ ರೂಪಾಯಿ ದಂಡ ಹಾಕಿತು. ಸರಿ, ಸರ್ಕಾರದ ದುಡ್ಡು ಅಂದ್ರೆ ಯಾರದ್ದು? ನಮ್ಮ ತೆರಿಗೆಯದ್ದು! ಮರಳು ಬಿಟ್ಟವನ ಜೇಬಿಗೆ ಕೈ ಹಾಕೋರು ಯಾರು?

ಹೊಸ ಕಾನೂನು ಬೇಡ ಸ್ವಾಮಿ, ಇರೋದನ್ನೇ ಜಾರಿ ಮಾಡಿ. ಮಣ್ಣು ಕೊಚ್ಚಿ ಹೋಗದಂತೆ ಸೈಟಿನ ಸುತ್ತ ತಡೆ ಹಾಕಿಲ್ವಾ? ಕೆಲಸ ನಿಲ್ಲಿಸಿ. ಯುಜಿಡಿಗೆ ಸೇರಿಸದೆ ಮೋರಿಗೆ ಪೈಪು ಬಿಟ್ಟಿದ್ದಾರಾ? ಓಸಿ ಕೊಡಬೇಡಿ. ನೂರು ನೋಟಿಸು ಕಲಿಸದ ಪಾಠವನ್ನು ಒಂದು ದಿನ ನಿಂತ ಕೆಲಸ ಕಲಿಸುತ್ತೆ.

ಮತ್ತೆ ನಾವು? ಕಳೆದ ಭಾನುವಾರ ಹುಡುಕಿ ನೋಡಿದೆ. ನಮ್ಮ ಮನೆ ಬಚ್ಚಲ ನೀರೂ ಮೋರಿಗೇ! ಪ್ಲಂಬರಿಗೆ ಹೇಳಿದ್ದೀನಿ. ನಿಮ್ಮನೆಯದು ಎಲ್ಲಿಗೆ ಹೋಗುತ್ತೆ, ನೋಡಿದ್ದೀರಾ?